ಎಂಟು ಗೆರೆ, ಏಳು ಸಂದು

ರೈಟರ್ ಮಾವನಿಗೆ,

ನಮಸ್ಕಾರ ಎಂದು ಬರೆಯಲೋ ಬೇಡವೋ ಗೊತ್ತಾಗದೆ ಆಗಲೇ ಒಂದು ಹಾಳೆ ಹರಿದೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕಾಗದ, ತಪ್ಪಿದ್ದರೆ ತಿದ್ದಿಕೊಳ್ಳಿ. ತಪ್ಪಾಗಿರುವುದು ಅಕ್ಷರ ಮಾತ್ರವಾಗಿದ್ದರೆ...

ನೀವು ಮೊದಲ ಸಲ ನನ್ನನ್ನು ಕಾಫಿ ಒಣಗಿಸುವ ಕಣಕ್ಕೆ ಕರೆದ ಸಂಜೆ ನೆನಪಿದೆಯೇ? ವನಗೂರಿನ ಈ ಏರುತಗ್ಗಿನಲ್ಲಿ ನಿಮ್ಮ ದೂರದರ್ಶಕ ನಿಲ್ಲಿಸಲು ಸಮತಟ್ಟಾದ ಜಾಗ ಅದೊಂದೇ. "ಸಿಮೆಂಟಿನ ಕಾವು ಆರ್ಲಿ ತಡಿ, ಇಲ್ದಿದ್ರೆ ನಕ್ಷತ್ರ ನಡುಗ್ತವೆ" ಎಂದಿರಿ. ಆಮೇಲೆ ಕಣ್ಣಿಡುವ ಮಸೂರದಲ್ಲಿ ನೋಡಿದರೆ, ಒಳಗೆ ಸ್ಕೇಲಿನ ಹಾಗೆ ಕೂದಲೆಳೆಯ ಗೆರೆಗಳು, ಅವುಗಳ ಮೇಲೆ ಅಂಟಿಕೊಂಡಂತೆ ಎರಡು ನಕ್ಷತ್ರ. ನಿಮ್ಮ ಕಣ್ಣಿಗೆ ಪೊರೆ ಬಂದು ಗೆರೆ ಕಾಣುತ್ತಿರಲಿಲ್ಲ. "ಇವೆರಡರ ಮಧ್ಯೆ ಎಷ್ಟೈತೆ ಅಂತ ಹೇಳು ಸಾಕು, ಮಿಕ್ಕಿದ್ ಲೆಕ್ಕ ನಂದು." ತೋಟದ ಲೆಕ್ಕ ಬರೆಯುವ ರೈಟರಾದ ನೀವು, ಗಿಡಕ್ಕೆ ಗುಂಡಿ ತೋಡುವವನ ಕಣ್ಣನ್ನು ಅಷ್ಟು ನಂಬಿದಿರಿ. ಯಾಕೆ ನಂಬಿದಿರಿ ಮಾವ?

ಹಂಸ ನಕ್ಷತ್ರಪುಂಜದ ರೆಕ್ಕೆಯ ಹತ್ತಿರದ ಆ ಮಂಕು ಜೋಡಿ. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನೀವೇ ಅಳೆದು ಪುಸ್ತಕದಲ್ಲಿ ಮಧ್ಯದ ಅಂತರ ಏಳು ಎಂದು ಬರೆದಿದ್ದಿರಿ. ನಾನು ಎಂಟು ಎಂದೆ.

"ಸರಿಯಾಗ್ ನೋಡ್ದೇನೋ?"

"ಮೂರ್ ಸಲ ನೋಡ್ದೆ ಮಾವ. ಎಂಟೇ."

ಮನೆಯ ಚಿಲಕವನ್ನು ನಾಲ್ಕು ಸಲ ಎಳೆದು ನೋಡುವವನು ನಾನು, ನಿಮಗೆ ಗೊತ್ತು. ನಕ್ಷತ್ರವನ್ನು ಮೂರು ಸಲ ನೋಡಿದೆ. ಎಣಿಸುವ ರೀತಿಯನ್ನು ಒಂದು ಸಲವೂ ನೋಡಲಿಲ್ಲ. ನೀವು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಿರಿ: "ದೂರ ಸರೀತಾ ಅವೆ ಕಣೋ! ನನ್ ಒಂದ್ ಜನ್ಮದಲ್ಲೇ ಸರಿದ್ಬುಟ್ವಲ್ಲೋ!" ಆ ಸಂಜೆ ಕಾಫಿ ನೀವೇ ಮಾಡಿದಿರಿ, ಎರಡು ಸಲ ಸಕ್ಕರೆ ಹಾಕಿ. ಅದಾಗಿ ಮೂರು ವಾರಕ್ಕೆ ನೀವು ಹೋಗಿಬಿಟ್ಟಿರಿ...

ಹೋದ ಸೋಮವಾರ ನರ್ಸರಿಗೆ ಬೇಲಿ ಹಾಕುತ್ತಿದ್ದೆವು. ಎಂಟು ಕಂಬ ನೆಟ್ಟು, ನಡುನಡುವೆ ಕಟ್ಟಲು ಎಂಟು ಬಿದಿರು ಕಡಿದಿಟ್ಟಿದ್ದೆ. ಕಟ್ಟಿ ಮುಗಿದಾಗ ಒಂದು ಉಳಿಯಿತು. ಕೂಲಿ ಲೈನಿನ ಸಣ್ಣಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಎಂಟ್ ಕಂಬಕ್ಕೆ ಏಳೇ ಸಂದು ಕಣೋ ಮಾರಾಯ! ಕಂಬ ಎಣಿಸ್ತೀಯಲ್ಲ, ಉಳಿದಿದ್ದನ್ನ ಊರುಗೋಲು ಮಾಡ್ಕೊ!" ಎಲ್ಲರೂ ನಕ್ಕರು. ನನಗೆ ಮಸೂರದೊಳಗಿನ ಗೆರೆಗಳು ಕಣ್ಣಿಗೆ ಕಟ್ಟಿದವು.

ಗಿಡ ನೆಡುವಾಗ ನಾವು ಗೂಟವನ್ನೇ ಎಣಿಸುತ್ತೇವಲ್ಲ, ಒಂದು ಗೂಟಕ್ಕೆ ಒಂದು ಗಿಡ. ಅದೇ ಅಭ್ಯಾಸ. ಮೊದಲ ನಕ್ಷತ್ರ ಕೂತ ಗೆರೆಯನ್ನೇ ಒಂದು ಎಂದು ಎಣಿಸಿಕೊಂಡು ಹೋಗಿದ್ದೆ. ಉಳಿದ ಜೋಡಿಗಳಿಗೂ ಹಾಗೆಯೇ ಮಾಡಿದ್ದೆ. ಅವಕ್ಕೆ ಹಳೆಯ ಲೆಕ್ಕ ಇರಲಿಲ್ಲ, ಅದಕ್ಕೇ ನಿಮಗೂ ತಿಳಿಯಲಿಲ್ಲ.

ಅಂದಿನಿಂದ ನಿದ್ದೆಯಿಲ್ಲ. ಎಷ್ಟು ಸಲ ಬೆರಳು ಅಗಲಿಸಿ ಎಣಿಸಿದರೂ ಐದು ಬೆರಳಿಗೆ ನಾಲ್ಕೇ ಸಂದು. ಇನ್ನೊಂದು ಕಡೆ ನಿಮ್ಮ ಪುಸ್ತಕದ ಕೊನೆಯ ಪುಟ. ನಿಮ್ಮದೇ ದೊಡ್ಡ ಓರೆ ಅಕ್ಷರ: "ಜೋಡಿ ದೂರ ಸರಿಯುತ್ತಿದೆ." ಜೋಡಿ ನಕ್ಷತ್ರಗಳ ಲೆಕ್ಕ ಕೂಡಿಡುವವರಿಗೆ ಕಳಿಸಲು ಅದರ ನಕಲು ಮಾಡಿ ನೀವು ಕವರಿನಲ್ಲಿಟ್ಟಿದ್ದಿರಿ. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು, "ಅವ್ರ್ ಕೊನೇ ಕೆಲ್ಸ ಕಣಪ್ಪ, ಕಳ್ಸ್ಬುಡು" ಎಂದರು. ಹಾಗೇ ಕಳಿಸಿದರೆ ಸುಳ್ಳಿಗೆ ನಿಮ್ಮ ಹೆಸರು. ತಿದ್ದಿ ಕಳಿಸಿದರೆ ಆ ಸಂಜೆಯ ನಿಮ್ಮ ಸಂತೋಷ... ಯಾರನ್ನು ಕೇಳಲಿ? ಕೇಳುತ್ತಿದ್ದದ್ದು ನಿಮ್ಮೊಬ್ಬರನ್ನೇ.

ಇವತ್ತು ಮುಸ್ಸಂಜೆ ಒಬ್ಬನೇ ಕಣಕ್ಕೆ ಹೋದೆ. ಸಿಮೆಂಟು ಆರುವ ತನಕ ಕಾದೆ. ಸಂದು ಎಣಿಸಿದೆ, ಹತ್ತು ಸಲ. ಏಳು, ಮಾವ. ನೀವು ಅಳೆದಾಗ ಎಲ್ಲಿದ್ದವೋ ಅಲ್ಲೇ ಇವೆ.

ನಿಮ್ಮ ಆ ಸಾಲಿನ ಮೇಲೆ ಗೀಟು ಎಳೆಯಲು ಕೈ ಬರಲಿಲ್ಲ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಬರೆದಿದ್ದೇನೆ: "ಏಳು ಎಂದು ಅಳೆದವರು ರೈಟರ್ ಮಾವ. ಎಂಟು ಎಂದು ಎಣಿಸಿದವನು ನಾನು, ಲೋಕೇಶ." ಕವರಿನ ಒಳಗೂ ಹಾಗೆಯೇ ಬರೆದಿಟ್ಟೆ, ನಾನು ಎಣಿಸಿದ ಉಳಿದ ಜೋಡಿಗಳಲ್ಲೂ ಒಂದೊಂದು ಕಳೆಯಿರಿ ಎಂದು ಸೇರಿಸಿ. ನಾಳೆ ಸಕಲೇಶಪುರಕ್ಕೆ ಹೋಗಿ ಅಂಚೆಗೆ ಹಾಕುತ್ತೇನೆ. ಹೋಗುವ ಮುಂಚೆ ಪುಸ್ತಕದಲ್ಲಿ ಬರೆದದ್ದನ್ನು ಅತ್ತೆಗೆ ಓದಿ ಹೇಳಬೇಕು. ಕವರನ್ನು ನಾಲ್ಕು ಸಲ ಬಿಚ್ಚಿ ನೋಡಿ ಆಯಿತು, ಈಗ ಗೋಂದು ಹಚ್ಚುತ್ತಿದ್ದೇನೆ.

ನಿಮ್ಮ ಲೋಕೇಶ