ರೊಟ್ಟಿ ಬಡಿಯುವ ವರ

ಅವ್ವಾ,

ಬಾದಾಮಿಯ ಮನೆಯಲ್ಲಿ ನೀನು ರೊಟ್ಟಿ ಬಡಿಯುವಾಗ ನಾನು ಹಿಟ್ಟಿಗೆ ಕೈ ಹಾಕಿದರೆ ಹೇಗೆ ಅಟ್ಟುತ್ತಿದ್ದೆ, ನೆನಪಿದೆಯಾ? "ಏಳಲೇ! ಗಂಡಸಮಗ ಒಲಿ ಮುಂದ ಕುಂಡ್ರತಾನೇನು? ಓದು ಹೋಗು, ಸಾಹೇಬ ಆಗಾಂವ ನೀ!" ಪುಸ್ತಕ ಹಿಡಿದು ಕೂತರೂ ನನ್ನ ಕಿವಿಯೆಲ್ಲ ನಿನ್ನ ಬಡಿತದ ಸದ್ದಿನ ಮೇಲೇ.

ನೀನು ಕಣ್ಣು ಮುಚ್ಚಿದ ವರ್ಷವೇ ಹುನಗುಂದದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ಕುರ್ಚಿಯಲ್ಲಿ ಕೂತಾಗ ನನಗೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ? ಆದರೆ ಸಂಜೆ ರೂಮಿಗೆ ಬಂದು ಹಿಟ್ಟು ನಾದುವಾಗಿನ ಸುಖವೇ ಬೇರೆ. ಮೊದಮೊದಲು ಕುದಿಯುವ ಎಸರು ಹಾಕದೆ ತಣ್ಣೀರಲ್ಲೇ ನಾದಿ, ರೊಟ್ಟಿಯ ಅಂಚೆಲ್ಲ ಬಿರಿದು... ನೀನು ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ಕುರ್ಚಿ ನಿನ್ನ ಆಸೆ, ಅಪ್ಪನ ಆಸೆ. ನನ್ನದು ಯಾವುದೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹೋದ ವರ್ಷ ಕೇಳಿಕೊಂಡೆ. ಕೆಲಸ ಬಿಟ್ಟು ಇಳಕಲ್ಲಿನಲ್ಲಿ ಖಾನಾವಳಿ ತೆರೆದೆ. ಅಪ್ಪ ಬೈದಿದ್ದರೆ ಸಹಿಸಬಹುದಿತ್ತು, ಅವನು ಬೈಯಲಿಲ್ಲ. ವಾರಕ್ಕೊಮ್ಮೆ ರೊಟ್ಟಿ ಒಯ್ದರೆ ಸುಮ್ಮನೆ ತಿಂದು ಏಳುತ್ತಿದ್ದ. ಯಾರು ಕೇಳಿದರೂ "ಮಗ ಹುನಗುಂದದಾಗ ಆಫೀಸಿನ್ಯಾಗ ಅದಾನ" ಎನ್ನುತ್ತಿದ್ದ. ನಾನು ನಾನಾಗಿದ್ದೆ ಅವ್ವಾ, ಅಪ್ಪನ ಬಾಯಲ್ಲಿ ಮಾತ್ರ ಇನ್ನೂ ಬೇರೆ ಯಾರೋ ಆಗಿದ್ದೆ. ಅದೊಂದೇ ಸಂಕಟ.

ಮೊನ್ನೆ ಭಾನುವಾರ ಕಮತಗಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ದವಾಖಾನೆಯಲ್ಲಿ ನರ್ಸ್. ಅವಲಕ್ಕಿ ತಿಂದು ಮುಗಿಸಿದ್ದೇ ತಡ, ಅಪ್ಪ ರೂಢಿಯಂತೆ ಕೇಳಿಯೇಬಿಟ್ಟ.

"ರೊಟ್ಟಿ ಬಡ್ಯಾಕ ಬರ್ತೈತೇನವಾ?"

"ಇಲ್ರಿ," ಎಂದಳು, ತಲೆಯೆತ್ತಿಯೇ.

ಅವಳ ತಾಯಿಯ ಮುಖ ಸಣ್ಣದಾಯಿತು. ಮಾತು ತಿರುಗಿಸಲು ಅವಳ ಸೋದರಮಾವ, "ಅದಿರ್ಲಿ, ಹುಡುಗ ಏನ್ ಮಾಡ್ತಾನ್ರಿ?" ಎಂದ. ಅಪ್ಪ ಇನ್ನೇನು ಆಫೀಸು ಎನ್ನುತ್ತಾನೆ, ನಾನು ಎದ್ದು ಅಲ್ಲ ಎನ್ನಬೇಕು, ಆಮೇಲೆ...

ಅಪ್ಪ ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ. "ರೊಟ್ಟಿ ಬಡೀತಾನ್ರಿ," ಎಂದ. "ಭಾಳ ತೆಳ್ಳಗ. ಅವರವ್ವಗೂ ಅಷ್ಟು ತೆಳ್ಳಗ ಬರ್ತಿದ್ದಿಲ್ಲ, ಖರೆ ಹೇಳ್ತೇನಿ."

ಹುಡುಗಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ನನಗ ಒಪ್ಪಿಗಿ ಐತ್ರಿ," ಎಂದುಬಿಟ್ಟಳು, ಯಾರೂ ಕೇಳುವ ಮೊದಲೇ!

ಸಿಟ್ಟಾಗಬೇಡ ಅವ್ವಾ, ಅಪ್ಪ ಹೇಳಿದ್ದು ನಿಜ. ಮುಂದಿನ ತಿಂಗಳು ನಿಶ್ಚಯ. ನಿನಗೆ ಸೊಸೆ ಬರುತ್ತಿದ್ದಾಳೆ. ಆ ದಿನದ ರೊಟ್ಟಿಯೆಲ್ಲ ನನ್ನದೇ. ಅಪ್ಪ ಈಗಾಗಲೇ ಓಣಿಯ ಮನೆಮನೆಗೆ ಹೋಗಿ ಅದನ್ನೇ ಹೇಳಿ ಬಂದಿದ್ದಾನೆ.

ನಿನ್ನ ಮಗ