ಜ್ವರದಲ್ಲಿ ಬರೆದ ಪ್ರಬಂಧ

ಲ್ಯಾಂಬೆತ್, ಲಂಡನ್
೧೮ ನವೆಂಬರ್ ೧೮೭೧

ಪ್ರೀತಿಯ ಅಕ್ಕ ಲೆಟಿಷಿಯಾಗೆ,

ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆದಿಲ್ಲ, ಬೇಕಾದಷ್ಟು ಬೈದುಕೋ. ನೀನು ಕಳಿಸಿದ ಪ್ಲಮ್ ಜಾಮ್ ಮುಗಿದೂ ಹೋಯಿತು. ಏನು ಮಾಡಲಿ, ನಮ್ಮ ಯಜಮಾನರ ಪ್ರಬಂಧಗಳೆಲ್ಲ ಸೇರಿ ಪುಸ್ತಕವಾಗುತ್ತಿವೆ. ಮನೆಯಲ್ಲಿ ಮನುಷ್ಯರು ಬಾಳುವ ಹಾಗಿಲ್ಲ.

ಹದಿನೈದು ವರ್ಷ ಪತ್ರಿಕೆಗೆ ಬರೆದವರು. ಆ ಪತ್ರಿಕೆಯಲ್ಲೋ ಯಾರ ಹೆಸರನ್ನೂ ಹಾಕುವುದಿಲ್ಲ. ಯಾವುದು ತಮ್ಮದು, ಯಾವುದು ಪರರದು ಎಂದು ಇವರಿಗೇ ನೆನಪಿಲ್ಲ! ಕೊನೆಗೆ ಸಂಪಾದಕರೇ ಪಟ್ಟಿ ಕಳಿಸಿದರು. ಹಳೆಯ ಸಂಚಿಕೆಗಳನ್ನು ಕತ್ತರಿಸಿ ಅಂಟಿಸುವ ಕೆಲಸ ನನ್ನದು. ಊಟದ ಮೇಜಿನ ಮೇಲೆ ‘ಸಂಸ್ಕೃತಿ’, ಕುರ್ಚಿಯ ಮೇಲೆ ‘ಸೌಂದರ್ಯ’. ಅಡುಗೆಯ ಮಿಸೆಸ್ ಟಾಪ್ಲಿ ಮೊನ್ನೆ ರೇಗಿಯೇಬಿಟ್ಟಳು: “ಅಮ್ಮಾವ್ರೇ, ಈ ಸಂಸ್ಕೃತೀನ ಯಾವ ಕಡೆ ಸರಿಸ್ಲಿ? ಸೂಪು ಆರೋಗ್ತಿದೆ!”

ಪಟ್ಟಿಯಲ್ಲಿ ‘ಮಕ್ಕಳ ಓದು’ ಎಂಬುದೊಂದಿತ್ತು. ಅಕ್ಕ, ಅದನ್ನು ಬರೆದವಳು ನಾನು. ಎಂಟು ವರ್ಷದ ಹಿಂದೆ ಇವರು ಜ್ವರದಲ್ಲಿ ಮಲಗಿದ್ದಾಗ ಗುಟ್ಟಾಗಿ ಕಳಿಸಿದ್ದೆ. ಇವರ ಬರಹವನ್ನೆಲ್ಲ ನಾನೇ ತಾನೇ ಶುದ್ಧಪ್ರತಿ ಮಾಡುವುದು! ನನ್ನ ಅಕ್ಷರ ನೋಡಿ ಸಂಪಾದಕರು ಇವರದೇ ಅಂದುಕೊಂಡಿದ್ದಾರೆ.

“ಹೆಸ್ಟರ್, ಕೇಳಿಲ್ಲಿ! ಇದನ್ನ ಬರೆದದ್ದೇ ನೆನಪಿಲ್ಲ ಕಣೆ. ಜ್ವರದಲ್ಲಿ ಬರೆದಿರ್ಬೇಕು. ಎಷ್ಟು ಚೆನ್ನಾಗಿದೆ ನೋಡು!” ಎಂದರು ಇವರು, ಅದನ್ನು ಓದಿ.

“ಆಗ ಗಂಜಿ ಕುಡಿಯೋಕೆ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ ನಿಮಗೆ,” ಅಂದೆ.

“ಕೈ ಸೋತ್ರೆ ಬುದ್ಧೀನೂ ಸೋಲುತ್ತೇನೆ?”

ಈ ಗಂಡಸರಿಗೆ ಏನು ಹೇಳೋಣ! ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅದನ್ನೇ ಪುಸ್ತಕದ ಮೊದಲ ಪ್ರಬಂಧ ಮಾಡಿ ಎಂದು ಪ್ರಕಾಶಕರಿಗೆ ಬರೆದೇಬಿಟ್ಟಿದ್ದರು. ಹಾಳಾಗಿ ಹೋಗಲಿ, ಇಟ್ಟುಕೊಳ್ಳಲಿ ಎಂದು ಮತ್ತೆ ಕತ್ತರಿ ಹಿಡಿದೆ. ಪ್ರೂಫ್ ತಿದ್ದಿ ಮುಗಿಸಿದ್ದಾರೆ. ಇವತ್ತೇ ನಾನು ಅಂಚೆಗೆ ಹಾಕಬೇಕು.

ಭಾವನವರ ಕೆಮ್ಮು ಹೇಗಿದೆ? ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಹೆಸ್ಟರ್

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಪ್ರಬಂಧದಲ್ಲಿ ಇವರು ಒಂದು ಪ್ಯಾರಾ ಹೊಡೆದುಹಾಕಿದ್ದಾರೆ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಗೊಂಬೆಗೆ ಓದಿ ಹೇಳುತ್ತಿದ್ದ ಮೂರು ವರ್ಷದ ಮಗುವಿನ ಸಂಗತಿ ಅದು. “ಯಾವ ಮಗುನೋ ಏನೋ, ಇಲ್ಲಿ ಬೇಕಾಗಿಲ್ಲ,” ಅಂದರು. ಅಕ್ಕ, ಅದು ನಮ್ಮ ಟಿಲ್ಲಿ, ಇವರದೇ ಮಗಳು. ಆ ಜ್ವರ ಇಬ್ಬರಿಗೂ ಬಂದಿತ್ತಲ್ಲ. ಇವರು ಎದ್ದರು, ಅವಳು ಏಳಲಿಲ್ಲ. ಅವಳನ್ನು ಮಣ್ಣು ಮಾಡಿದ ವಾರ ಕೂತು ಬರೆದದ್ದು. ಹೊಡೆದ ಸಾಲಿನ ಕೆಳಗೆ ಚುಕ್ಕಿ ಇಟ್ಟರೆ ಅಚ್ಚಿನವರು ಅದನ್ನು ಹಾಗೆಯೇ ಉಳಿಸುತ್ತಾರೆ. ಹನ್ನೊಂದು ಸಾಲಿಗೂ ಈಗಷ್ಟೇ ಚುಕ್ಕಿ ಇಟ್ಟೆ. ಪ್ರಬಂಧ ಇವರ ಹೆಸರಿನಲ್ಲೇ ಇರಲಿ. ಅವಳನ್ನು ಎರಡನೇ ಸಲ ಕಳಿಸಿಕೊಡಲು ನನ್ನಿಂದಾಗದು.