ಪೈನ್ ಮರದ ಗಂಟು

ಮಗಳೇ,

"ಬಂದ ಎಲ್ಲರಿಗೂ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸಲಾರೆ." ನೀನು ತೀರಿಕೊಂಡು ಎರಡು ವರ್ಷವಾಯಿತೆಂದು ಇಂದು ಅಂಗಳದಲ್ಲಿ ಸೇರಿದ್ದ ಬಂಧುಗಳಿಗೆ ಹೀಗೆಂದೆ. ನನ್ನ ಕಾಲೇಜು ದಿನಗಳ ಚರ್ಚಾಸ್ಪರ್ಧೆಯ ಹಳೆಯ ದನಿಯೇ ಹೊರಟಿತು. ನೀನಿದ್ದಿದ್ದರೆ ತುಟಿಗೆ ಬೆರಳಿಟ್ಟು "ಶ್ಶ್, ಭಾಷಣ ಸಾಕು" ಎನ್ನುತ್ತಿದ್ದೆ.

ಆಗಲೇ ಬೆನ್ನ ಹಿಂದೆ ಅದೇ "ಶ್ಶ್" ಸದ್ದು ಕೇಳಿತು. ನೀನು ನೆಟ್ಟ ಪೈನ್ ಮರದ ಸೂಜಿಯೆಲೆಗಳಲ್ಲಿ ಒಣಗಾಳಿ ಸುಳಿದರೆ ಹಾಗೆಯೇ ಕೇಳುತ್ತದೆ. ಅದು ಗಾಳಿಯೆಂದು ನನ್ನ ತರ್ಕಕ್ಕೆ ಗೊತ್ತಿದ್ದರೂ ಮಾತು ಅರ್ಧಕ್ಕೇ ನಿಂತಿತು.

ನಿನ್ನ ಚಿಕ್ಕಮ್ಮ ಮರದ ಬಳಿ ಬಗ್ಗಿ ನೋಡಿದಳು. "ಭಾವಾ, ಇಷ್ಟು ಬೆಳೆದ ಮೇಲೂ ಇದಕ್ಕೆ ಊರುಗೋಲು ಯಾಕೆ? ಈ ಬಟ್ಟೆ ಗಂಟು ಇದರ ಕತ್ತು ಹಿಸುಕ್ತಾ ಇದೆ."

"ಅದು ಅವಳು ಕಟ್ಟಿದ್ದು. ಯಾರೂ ಮುಟ್ಟಬೇಡಿ," ಎಂದಳು ನಿನ್ನಮ್ಮ.

ಚರ್ಚೆ ಅಲ್ಲಿಗೇ ಮುಗಿಯಿತು. ಮರವನ್ನು ಕೋಲಿಗೆ ಬಿಗಿದ, ನಿನ್ನ ಹಳೆಯ ಅಂಗಿಯ ಆ ಪಟ್ಟಿ ತೊಗಟೆಯೊಳಗೆ ಹೂತುಹೋಗಿರುವುದನ್ನು ನಾನು ಎಂದೋ ಕಂಡಿದ್ದೆ. ಕಟ್ಟುವಾಗ ನೀನು ಹೇಳಿದ್ದೆ: "ಒಂದೇ ವರ್ಷ ಅಪ್ಪಾ, ಆಮೇಲೆ ಬಿಚ್ಚಿಬಿಡು. ಗಾಳಿಗೆ ಅಲ್ಲಾಡಿದ್ರೇನೇ ಬೇರು ಗಟ್ಟಿಯಾಗೋದು. ಆಮೇಲೆ ಎಂಥಾ ಬರ ಬಂದ್ರೂ ತನ್ನ ನೀರು ತಾನೇ ಹುಡುಕ್ಕೊಳ್ಳುತ್ತೆ."

ಬಿಚ್ಚಿದರೆ ಮರ ಬೀಳುತ್ತದೆ ಎಂದು ನಾನು ವಾದಿಸಿದ್ದೆ. ಆ ವಾದದಲ್ಲೂ ನಾನೇ ಗೆದ್ದೆ.

ಬಂದವರೆಲ್ಲ ಹೋದರು. ನಿನ್ನಮ್ಮ ಒಳಗೆ ಮಲಗಿದ್ದಾಳೆ. ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಕತ್ತರಿ ಮೇಜಿನ ಮೇಲಿದೆ. ಈ ಸಾಲು ಮುಗಿಸಿ ಎದ್ದು ಹೋಗಿ, ನೀನು ಕೈಯಾರೆ ಕಟ್ಟಿದ ಗಂಟನ್ನು ನಾನೇ ಕತ್ತರಿಸುತ್ತೇನೆ.